ಸ್ಪೀಕರ್‌ಗೆ ವೈಫೈ ಸಿಗುತ್ತಿಲ್ಲವೇ? ಸೇಫ್ಟಿ ಪಿನ್ ಪಕ್ಕಕ್ಕಿಡಿ, ರೌಟರ್ ಸೆಟಿಂಗ್ ನೋಡಿ

ಕರೆಂಟ್ ಹೋಗಿ ಬಂದ ಮೇಲೆ ಅಲೆಕ್ಸಾ ಸ್ಪೀಕರ್ ‘ಇಂಟರ್‌ನೆಟ್ ಇಲ್ಲ’ ಎನ್ನುತ್ತದೆ. ಮೊಬೈಲ್‌ನಲ್ಲಿ ನೋಡಿದರೆ ವೈಫೈ ಚೆನ್ನಾಗಿಯೇ ಓಡುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ನಮ್ಮ ಬಳ್ಳಾರಿಯ ಮನೆಗಳಲ್ಲಿ ಯಾರಾದರೊಬ್ಬರು ಸೇಫ್ಟಿ ಪಿನ್ ಹುಡುಕಿ ತಂದು ಫೈಬರ್ ಡಬ್ಬಿಯ (ನೆಟ್ ವೈರ್ ಬಂದು ಸೇರುವ ಡಬ್ಬಿ) ಹಿಂದಿನ ಸಣ್ಣ ತೂತಿಗೆ ಚುಚ್ಚುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ದಯವಿಟ್ಟು ಬೇಡ. ಆ ತೂತಿನೊಳಗೆ ಇರುವುದು ರೀಸೆಟ್ ಬಟನ್. ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಜೊತೆಗೆ ನೆಟ್‌ನವರು ಹಾಕಿಕೊಟ್ಟ ಲಾಗಿನ್ ಕೂಡ ಅಳಿಸಿಹೋಗಬಹುದು. ಆಮೇಲೆ ಇಡೀ ಮನೆಗೇ ಇಂಟರ್‌ನೆಟ್ ಇರುವುದಿಲ್ಲ, ಅವರ ಕಡೆಯ ಹುಡುಗ ಬರುವ ತನಕ ಕಾಯಬೇಕು.

ಮೊದಲ ಹೆಜ್ಜೆ: ಎಲ್ಲವನ್ನೂ ಆಫ್ ಮಾಡಿ. ಮೊದಲು ಫೈಬರ್ ಡಬ್ಬಿ, ಅದರ ದೀಪಗಳು ಸ್ಥಿರವಾಗಿ ಉರಿಯತೊಡಗಿದ ಮೇಲೆ ರೌಟರ್ (ಕೆಲವು ಮನೆಗಳಲ್ಲಿ ಎರಡೂ ಒಂದೇ ಡಬ್ಬಿ), ಕೊನೆಗೆ ಸ್ಪೀಕರ್ ಆನ್ ಮಾಡಿ. ಡಬ್ಬಿಯಲ್ಲಿ ‘ಲಾಸ್’ ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ತೊಂದರೆ ಫೈಬರ್ ವೈರ್‌ನದು. ನೆಟ್‌ನವರಿಗೆ ಫೋನ್ ಮಾಡಿ, ಮುಂದಿನದನ್ನು ಓದಬೇಕಿಲ್ಲ.

ಎರಡನೆಯದು: ರೌಟರ್ ಇಟ್ಟ ಜಾಗ. ಕಬ್ಬಿಣದ ಬೀರುವಿನ ಒಳಗೆ, ಟಿವಿ ಹಿಂದೆ ಇದ್ದರೆ ಹೊರಗೆ ತೆಗೆಯಿರಿ. ನಮ್ಮ ಕಡೆಯ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ ಸಿಗ್ನಲ್ ನುಂಗಿಬಿಡುತ್ತದೆ. ಗಾಳಿಯೂ ಆಡಬೇಕು. ಮನೆ ರೌಟರ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿವರೆಗಿನ ಬಿಸಿಗೆ ಮಾಡಿರುತ್ತಾರೆ. ಬಳ್ಳಾರಿ, ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ ಅಂತ ಗೊತ್ತಲ್ವಾ? ಅಟ್ಟದ ಮೇಲಂತೂ ಇಡಲೇಬೇಡಿ.

ಈಗ ಮೂರನೆಯದು. ಎಲ್ಲರೂ ಎಡವುವುದು ಇಲ್ಲೇ.

ಈಗಿನ ಬಹುಪಾಲು ರೌಟರ್‌ಗಳು ಎರಡು ವೈಫೈ ಬಿಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದು ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4ರದು ವೇಗ ಕಡಿಮೆ, ಆದರೆ ದೂರದ ಕೋಣೆಗೂ ಹೋಗುತ್ತದೆ. ವೈಫೈ ಹೆಸರಿನ ಕೊನೆಯಲ್ಲಿ ‘5ಜಿ’ ಅಂತ ಕಂಡ ಕೂಡಲೇ ಸಿಮ್‌ನ 5ಜಿ ಎಂದುಕೊಂಡು ಅದನ್ನೇ ಒತ್ತುವವರು ಬಹಳ. ಎರಡಕ್ಕೂ ಸಂಬಂಧವಿಲ್ಲ. ಮಾತು ಕೇಳಿ ಉತ್ತರ ಹೇಳಲು, ಹಾಡು ಹಾಕಲು ಸ್ಪೀಕರ್‌ಗೆ ದೊಡ್ಡ ವೇಗ ಬೇಕಿಲ್ಲ. ಸ್ಪೀಕರ್ 2.4ರಲ್ಲೇ ಇರಲಿ, ಇದು ನನ್ನ ಖಚಿತ ಸಲಹೆ. ಸ್ಮಾರ್ಟ್ ಬಲ್ಬ್, ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ.

ತೊಡಕು ಏನೆಂದರೆ ಎಷ್ಟೋ ರೌಟರ್‌ಗಳು ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಯಾವ ಉಪಕರಣ ಯಾವುದಕ್ಕೆ ಅಂಟಿಕೊಂಡಿತು ಎಂಬುದೇ ನಮಗೆ ತಿಳಿಯುವುದಿಲ್ಲ. ಅದನ್ನು ಬೇರೆ ಮಾಡಬೇಕು. ರೌಟರ್ ತಿರುಗಿಸಿ, ಕೆಳಗಿನ ಚೀಟಿ ನೋಡಿ. ಅಲ್ಲಿ 192.168.1.1 ಥರದ ಒಂದು ವಿಳಾಸ, ಪಕ್ಕದಲ್ಲೇ ಯೂಸರ್ ನೇಮ್, ಪಾಸ್‌ವರ್ಡ್ ಇರುತ್ತವೆ. ಮೊಬೈಲ್ ಬ್ರೌಸರ್‌ನಲ್ಲಿ ಆ ವಿಳಾಸ ಹಾಕಿ ಒಳಗೆ ಹೋಗಿ. ಚೀಟಿಯಲ್ಲಿನ ಪಾಸ್‌ವರ್ಡ್ ಒಪ್ಪದಿದ್ದರೆ ನೆಟ್‌ನವರು ಬದಲಿಸಿರುತ್ತಾರೆ, ಅವರನ್ನೇ ಕೇಳಿ.

ವೈರ್‌ಲೆಸ್ ಎಂಬ ಪುಟದಲ್ಲಿ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಇದ್ದರೆ ಆಫ್ ಮಾಡಿ. ಈಗ ಹೆಸರು ಬದಲಿಸುವಾಗ ಒಂದು ಎಚ್ಚರ: ಹಳೇ ಹೆಸರು, ಹಳೇ ಪಾಸ್‌ವರ್ಡ್ 2.4ಕ್ಕೇ ಉಳಿಯಲಿ, ಹೊಸ ಹೆಸರು 5ಕ್ಕೆ ಕೊಡಿ. ತಿರುಗುಮುರುಗಾ ಮಾಡಿದರೆ ಮನೆಯ ಬಲ್ಬ್, ಪ್ಲಗ್ ಎಲ್ಲವನ್ನೂ ಒಂದೊಂದಾಗಿ ಮತ್ತೆ ಸೇರಿಸುತ್ತಾ ಕೂರಬೇಕಾಗುತ್ತದೆ.

ಅದೇ ಪುಟದಲ್ಲಿ ಸೆಕ್ಯುರಿಟಿ ‘ಡಬ್ಲ್ಯೂಪಿಎ3’ ಮಾತ್ರ ಎಂದಿದ್ದರೆ ಹಳೇ ಉಪಕರಣಗಳು ಸೇರುವುದೇ ಇಲ್ಲ. ‘ಡಬ್ಲ್ಯೂಪಿಎ2-ಪಿಎಸ್‌ಕೆ, ಎಇಎಸ್’ ಆರಿಸಿ. ಪಾಸ್‌ವರ್ಡ್ ಬೇಡ ಅಂತ ಸುಮ್ನೆ ಓಪನ್ ಬಿಡಬೇಡಿ. 2.4ರ ವೈಫೈ ಚಾನೆಲ್ 1, 6, 11ರಲ್ಲಿ ಯಾವುದಾದರೂ ಒಂದು ಇರಲಿ. 12, 13ನೇ ಚಾನೆಲ್‌ಗಳು ಕೆಲವು ಉಪಕರಣಗಳಿಗೆ ಕಾಣುವುದಿಲ್ಲ. ಸೇವ್ ಒತ್ತಿದ ಮೇಲೆ ವೈಫೈ ಸ್ವಲ್ಪ ಹೊತ್ತು ಹೋಗಿ ಬರುತ್ತದೆ, ಗಾಬರಿ ಬೇಡ.

ನಾಲ್ಕನೆಯದು ಸಲೀಸು. ಮೊಬೈಲ್ ಅನ್ನು 2.4ಕ್ಕೆ ಸೇರಿಸಿ. ಬ್ಲೂಟೂತ್, ಲೊಕೇಶನ್ ಆನ್ ಇರಲಿ, ವಿಪಿಎನ್ (ನೆಟ್ ಅನ್ನು ಬೇರೆ ಸರ್ವರ್ ಮೂಲಕ ಕಳಿಸುವ ಆಪ್) ಇದ್ದರೆ ಆಫ್ ಮಾಡಿ. ಅಲೆಕ್ಸಾ ಆಪ್‌ನಲ್ಲಿ ನಿಮ್ಮ ಸ್ಪೀಕರ್ ಆರಿಸಿ, ವೈಫೈ ಬದಲಿಸಿ ಎಂದು ಒತ್ತಿ. ಆಪ್ ಕೇಳಿದಾಗ ಸ್ಪೀಕರ್ ಮೇಲಿನ ಚುಕ್ಕೆಯ ಬಟನ್ ಒತ್ತಿ ಹಿಡಿಯಿರಿ. ಕಿತ್ತಳೆ ಬೆಳಕು ಸುತ್ತಲು ಶುರುವಾದ ತಕ್ಷಣ ಬೆರಳು ತೆಗೆಯಿರಿ. ಇನ್ನೂ ಹಿಡಿದೇ ಇದ್ದರೆ ಸ್ಪೀಕರ್ ಪೂರ್ತಿ ರೀಸೆಟ್ ಆಗುತ್ತದೆ. ಬೆಳಕು ಕೆಂಪಗಿದ್ದರೆ ಮೊದಲು ಮೈಕ್ ಬಟನ್ ನೋಡಿ, ಯಾರೋ ಅದನ್ನು ಆಫ್ ಮಾಡಿರುತ್ತಾರೆ.

ಇಷ್ಟಾದರೂ ಹಿಂದಿನ ಕೋಣೆಗೆ ಸಿಗ್ನಲ್ ಬರದಿದ್ದರೆ ಅಂಗಡಿಯವರು ಕೊಡುವ ಅಗ್ಗದ ‘ಬೂಸ್ಟರ್’ ತರಬೇಡಿ. ಸಿಗ್ನಲ್ ಇಲ್ಲದ ಕಡೆ ಅದನ್ನು ಸಿಕ್ಕಿಸಿದರೆ ಅದಕ್ಕೂ ಸಿಗ್ನಲ್ ಇರುವುದಿಲ್ಲ. ಅದೇ ದುಡ್ಡಿಗೆ ಫೈಬರ್ ಡಬ್ಬಿಯಿಂದ ರೌಟರ್‌ಗೆ ಹೋಗುವ ಉದ್ದನೆಯ ಲ್ಯಾನ್ ವೈರ್ ತಂದು ರೌಟರನ್ನೇ ನಡುಮನೆಗೆ ತನ್ನಿ. ಕರೆಂಟ್ ಪದೇ ಪದೇ ಹೋಗುವ ಓಣಿಯಾದರೆ ಒಂದು ಮಿನಿ ಯುಪಿಎಸ್ (ಕರೆಂಟ್ ಹೋದಾಗ ರೌಟರ್ ನಡೆಸುವ ಪುಟ್ಟ ಬ್ಯಾಟರಿ) ಕೊಳ್ಳಿ. ಕೊಳ್ಳುವ ಮುಂಚೆ ರೌಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪ್ ಬರೆದುಕೊಂಡು ಹೋಗಿ. ಫೈಬರ್ ಡಬ್ಬಿ ಬೇರೆಯಾಗಿದ್ದರೆ ಅದಕ್ಕೂ ಬ್ಯಾಕಪ್ ಬೇಕು, ಇಲ್ಲದಿದ್ದರೆ ವೈಫೈ ಇರುತ್ತದೆ, ಇಂಟರ್‌ನೆಟ್ ಇರುವುದಿಲ್ಲ.