ಬೋರರ್ ಮದ್ದು, ಆರು ಜನ, ಮೂರು ವರ್ಷ: ನನ್ನ ಅನುಭವ

ಹೋದ ಅಕ್ಟೋಬರ್‌ನಲ್ಲಿ ಕಾಫಿ ಗಿಡದ ಕಾಂಡ ಕೊರೆಯುವ ಬೋರರ್ ಹುಳಕ್ಕೆ ಮದ್ದು ಹೊಡೆದು ಮುಗಿಸಿದ ಸಂಜೆ ನಮ್ಮ ಆರೂ ಹುಡುಗರು ಹೊಟ್ಟೆ ತುಂಬ ಊಟ ಮಾಡಿದರು. ನನಗೆ ಇದು ದೊಡ್ಡ ವಿಷಯ. ಮೊದಲೆಲ್ಲ ಮದ್ದು ಹೊಡೆದ ದಿನ ಮೂರ್ನಾಲ್ಕು ಜನ ತಲೆನೋವು, ವಾಕರಿಕೆ ಅಂತ ತಟ್ಟೆ ಮುಟ್ಟದೆ ಲೈನ್ ಮನೆಯಲ್ಲಿ (ಕೆಲಸಗಾರರ ಸಾಲು ಮನೆ) ಮಲಗಿಬಿಡುತ್ತಿದ್ದರು. "ರಾತ್ರಿ ಕುಡಿದದ್ದು ಇಳಿದಿಲ್ಲ ಸಾರ್" ಅಂತ ಮೇಸ್ತ್ರಿ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಕೊಡಗಿನ ಮಾದಾಪುರದ ಕಡೆ ನನಗೆ 12 ಎಕರೆ ಅರೇಬಿಕಾ ಕಾಫಿ ಇದೆ. ಈ ಬೋರರ್, ಅಂದರೆ ಬಿಳಿ ಕಾಂಡಕೊರಕದ ಕಾಟ ನಿಮಗೆ ಗೊತ್ತಿರುವುದೇ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರ್-ನವೆಂಬರ್ ಇನ್ನೊಂದು ಸಲ ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಹೊಡೆಯುತ್ತೇವೆ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಮದ್ದು ಕಲಸುವ ಹುಡುಗ ಬ್ಯಾರಲ್ ಪಕ್ಕದಲ್ಲೇ ಕುಸಿದ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂದರು. ಮಡಿಕೇರಿಗೆ ಒಯ್ದು ಡಬ್ಬಿಯ ಲೇಬಲ್ ತೋರಿಸಿದ ಮೇಲೆ ಈ ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟರು, ಬದುಕಿದ. ಖರ್ಚು ಸುಮಾರು 38,000 ಆಯಿತು. ಅವನ ಹೆಂಡತಿ ಆಸ್ಪತ್ರೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಆಮೇಲೆ ದುಡ್ಡು ಸುರಿದೆ, ಸುಮಾರು ವೇಸ್ಟ್ ಆಯಿತು. ಮೊದಲು ಪ್ಲಾಸ್ಟಿಕ್ ಕೋಟು ತಂದೆ, ಆರು ಜನಕ್ಕೆ ಒಂಬತ್ತು ಸಾವಿರ ಹತ್ತಿರ. ಏಪ್ರಿಲ್ ಬಿಸಿಲಿಗೆ ಒಬ್ಬನಿಗೆ ತಲೆ ಸುತ್ತು ಬಂತು, ಎರಡನೇ ದಿನ ಎಲ್ಲರೂ ಬಿಚ್ಚಿ ಮರಕ್ಕೆ ನೇತು ಹಾಕಿದರು. ಮಾಸ್ಕ್ ಬೆವರಿಗೆ ಒದ್ದೆಯಾಗಿ ಕುತ್ತಿಗೆಗೆ ಇಳಿಯಿತು. ಬಟ್ಟೆಯ ಗ್ಲೌಸ್ ಅಂತೂ ಬರಿಗೈಗಿಂತ ಕೆಟ್ಟದ್ದು, ಮದ್ದು ಹೀರಿಕೊಂಡು ಇಡೀ ದಿನ ಕೈಗೆ ಅಂಟಿಕೊಂಡೇ ಇರುತ್ತದೆ. ಸಂಜೆ ಬೆಲ್ಲ, ಮಜ್ಜಿಗೆ ಕೊಟ್ಟೂ ನೋಡಿದೆ. ಏನೂ ಆಗಲಿಲ್ಲ.

ಕೊನೆಗೆ ಒಂದು ಯೋಚನೆ ಬಂತು. ಮದ್ದಿಲ್ಲದ ಬರೀ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಎಲ್ಲರಿಗೂ ಹಳೇ ಬಿಳಿ ಅಂಗಿ ಪ್ಯಾಂಟು ಹಾಕಿಸಿ ಅರ್ಧ ದಿನ ಹೊಡೆಸಿದೆ. ಪಕ್ಕದ ತೋಟದವರು ಬೇಲಿ ಆಚೆ ನಿಂತು "ಏನ್ ಮಾರಾಯಾ, ಗಿಡಕ್ಕೆ ಹೋಳಿನಾ?" ಅಂದರು. ಅಂಗಿ ಬಿಚ್ಚಿಸಿ ನೆಲದಲ್ಲಿ ಹರಡಿದಾಗ ಯಾರೂ ಮಾತಾಡಲಿಲ್ಲ. ಎದೆಯ ಮೇಲೆ ಬರೀ ಚುಕ್ಕೆಗಳು. ತೊಡೆ ಪೂರ್ತಿ ನೀಲಿ, ಯಾಕೆಂದರೆ ಹೊಡೆದ ಸಾಲಿನೊಳಗೇ ಮತ್ತೆ ನುಗ್ಗಿ ಒದ್ದೆ ಎಲೆಗೆ ಉಜ್ಜಿಕೊಂಡು ನಡೆಯುತ್ತಿದ್ದರು. ಬೆನ್ನಿಗೆ ಪಂಪು ಹೊತ್ತ ಇಬ್ಬರ ಸೊಂಟ ನೀಲಿ, ಮುಚ್ಚಳದ ವಾಷರ್ ಸೋರುತ್ತಿತ್ತು. ಕಲಸುವವನ ಕೈ ಮೊಣಕೈವರೆಗೆ ನೀಲಿ. ಮೂಗಿಗಿಂತ ಚರ್ಮದಿಂದಲೇ ಜಾಸ್ತಿ ಒಳಗೆ ಹೋಗುತ್ತಿದೆ ಅಂತ ನಾನು ಹೇಳಿದರೆ ಕೇಳದ ಮೇಸ್ತ್ರಿ, ಅವತ್ತು ತಾವೇ ಹೋಗಿ ವಾಷರ್ ತಂದರು.

ಈಗ ಹೊಡೆದ ಸಾಲಿಗೆ ಯಾರೂ ವಾಪಸ್ ಹೋಗುವಂತಿಲ್ಲ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಮಾತ್ರ ಕೆಲಸ. ಉದ್ದದ ನೈಟ್ರೈಲ್ ಗ್ಲೌಸ್, ತೋಳು ಅದರ ಮೇಲೆ. ಪ್ಯಾಂಟು ಗಂಬೂಟಿನ ಹೊರಗೆ. ಕಲಸುವ ಕೆಲಸ ದಿನಕ್ಕೊಬ್ಬರದು. ಲ್ಯಾನ್ಸ್‌ನ (ಮದ್ದು ಚಿಮ್ಮುವ ಉದ್ದ ಕೊಳವೆ) ತುದಿಗೆ ಒಂದು ತಗಡಿನ ಮರೆ ಮಾಡಿಸಿದ್ದೇನೆ, ಅದರ ಅಳತೆ ಬರೆಯುವುದಿಲ್ಲ, ಬೇಕಾದವರು ತೋಟಕ್ಕೆ ಬಂದು ನೋಡಲಿ. ಎಲ್ಲಕ್ಕಿಂತ ಮುಖ್ಯ, ಸ್ಟೋರ್ ಪಕ್ಕ ಹಂಡೆ ಹೂಡಿಸಿ ಸ್ನಾನ ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ ಮಾಡಿದೆ. ಮೊದಲು ಆ ಬಟ್ಟೆಯನ್ನು ಮನೆಯ ಹೆಂಗಸರು ಮಕ್ಕಳ ಬಟ್ಟೆ ಜೊತೆ ಒಗೆಯುತ್ತಿದ್ದರು. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಒಗೆದ ನೀರು ತೋಡಿಗೆ ಹೋಗದ ಹಾಗೆ ಇಂಗುಗುಂಡಿ ತೆಗೆಸಿದ್ದೇನೆ.

ಇನ್ನು ರಕ್ತ ಪರೀಕ್ಷೆ. ಕೋಲಿನೆಸ್ಟರೇಸ್ ಅಂತ ಕೇಳಬೇಕು, ನರಗಳ ಕೆಲಸಕ್ಕೆ ಬೇಕಾದ ಕಿಣ್ವ ಅದು, ಈ ಜಾತಿಯ ಮದ್ದು ಕೆಡಿಸುವುದು ಅದನ್ನೇ. 1971ರ ಕೀಟನಾಶಕ ನಿಯಮಗಳಲ್ಲೇ ಇದರ ಮಾತಿದೆ, ನಮ್ಮ ಸುತ್ತ ಯಾರೂ ಮಾಡಿಸಿದ್ದು ನಾನು ನೋಡಿಲ್ಲ. ಸೀಸನ್ ಶುರುವಾಗುವ ಮೊದಲೇ ಒಂದು ಸಲ ಮಾಡಿಸಲೇಬೇಕು. ನಾನು ಮೊದಲ ಸಲ ಮುಗಿದ ಮೇಲೆ ಮಾತ್ರ ಮಾಡಿಸಿದೆ, ಎಲ್ಲರದೂ ನಾರ್ಮಲ್ ಅಂತ ಬಂತು, ಆ ದುಡ್ಡು ದಂಡ. ಒಬ್ಬೊಬ್ಬರ ಮಟ್ಟ ಒಂದೊಂದು ಥರ ಇರುತ್ತದೆ, ಮುಂಚಿನ ಲೆಕ್ಕ ಇಲ್ಲದಿದ್ದರೆ ಎಷ್ಟು ಇಳಿಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಮುಂಚೆ ಒಬ್ಬನದು ಸುಮಾರು 9,000 ಇತ್ತು, ಹೊಡೆದ ಮೇಲೆ 6,000. ರಿಪೋರ್ಟಿನಲ್ಲಿ ಆಗಲೂ ನಾರ್ಮಲ್! ಆದರೆ ಮೂರರಲ್ಲಿ ಒಂದು ಪಾಲು ಹೋಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಶೇ 20 ಇಳಿದರೇ ಕೆಲಸದ ರೀತಿ ಪರಿಶೀಲಿಸಬೇಕು ಅನ್ನುವ ನಿಯಮ ಇದೆ. ಇನ್ನೊಬ್ಬನದು ಮೊದಲೇ ಕಡಿಮೆ ಇತ್ತು, ಡಾಕ್ಟರ್ ಲಿವರ್ ತೊಂದರೆ ಅಂದರು. ಅವನನ್ನು ಮದ್ದಿನ ಕೆಲಸದಿಂದ ಬಿಡಿಸಿ ಅದೇ ಕೂಲಿಗೆ ನೆರಳು ತೆಗೆಯಲು (ನೆರಳಿನ ಮರದ ಕೊಂಬೆ ಕಡಿಯಲು) ಹಾಕಿ, ಅವನ ಜಾಗಕ್ಕೆ ಇನ್ನೊಬ್ಬನನ್ನು ತೆಗೆದುಕೊಂಡೆ. ಹೋದ ಅಕ್ಟೋಬರ್‌ನಲ್ಲಿ ಆ 9,000ದವನು 8,400ರ ಆಸುಪಾಸಿನಲ್ಲಿ ನಿಂತ. ಉಳಿದವರೂ ಹೆಚ್ಚುಕಡಿಮೆ ಹಾಗೇ.

ತಲೆಗೆ 500ರಂತೆ ಸೀಸನ್‌ಗೆ ಎರಡು ಸಲ, ಆರು ಸಾವಿರ. ಬಟ್ಟೆ, ಗ್ಲೌಸ್ ಸೇರಿ ಮೊದಲ ವರ್ಷ ಹದಿಮೂರು ಸಾವಿರ ಇರಬಹುದು. ನಾಲ್ಕು ದಿನದ ಕೆಲಸ ಆರು ದಿನ ಹಿಡಿಯುತ್ತದೆ, ಕೂಲಿಯೇ ದೊಡ್ಡ ಹೊರೆ. ಆದರೂ ಮದ್ದು ಹೊಡೆಯಲು ಜನ ಸಿಗಲ್ಲ ಅಂತ ಎಲ್ಲರೂ ಪರದಾಡುವಾಗ ನನ್ನ ಹತ್ತಿರ ತಾವಾಗಿ ಬರುತ್ತಾರೆ.

ಎರಡು ಎಕರೆಗೆ ಮದ್ದು ಬಿಟ್ಟು ಕಾಂಡಕ್ಕೆ ಸುಣ್ಣ ಬಳಿಸಿ ನೋಡುತ್ತಿದ್ದೇನೆ, 200 ಲೀಟರ್ ನೀರಿನ ಬ್ಯಾರಲ್‌ಗೆ 20 ಕಿಲೋ. ಈ ವರ್ಷ ಅಲ್ಲಿ ಬೋರರ್ ಹತ್ತಿದ ಗಿಡ ಎಂಟೋ ಒಂಬತ್ತೋ ಸಿಕ್ಕಿತು, ಪಕ್ಕದ ಬ್ಲಾಕಿನಲ್ಲೂ ಅಷ್ಟೇ. ಇನ್ನೆರಡು ಸೀಸನ್ ನೋಡಿ ಬಾಕಿ ಹತ್ತು ಎಕರೆಯ ತೀರ್ಮಾನ ಮಾಡುತ್ತೇನೆ. ಅವತ್ತು ಕುಸಿದಿದ್ದ ಹುಡುಗನೇ ಈಗ ಸುಣ್ಣದ ಬ್ಲಾಕ್ ನೋಡಿಕೊಳ್ಳುತ್ತಾನೆ.