ಐದು ಭಾಷೆ, ಒಂದು ಮೈಕು: ಬಡಾವಣೆಯ ಕವಿಗೋಷ್ಠಿ ಮಾಡುವುದು ಹೇಗೆ?

ಬಹುಭಾಷಾ ಕವಿಗೋಷ್ಠಿ ಅಂತ ಬ್ಯಾನರ್ ಕಟ್ಟುತ್ತಾರೆ. ತಮಿಳು ಕವಿ ಓದುವಾಗ ಕನ್ನಡದವರು ಮೊಬೈಲು ತೀಡುತ್ತಾರೆ. ಉರ್ದು ಕವಿ ಎದ್ದರೆ ತಮಿಳಿನವರು ಟೀಗೆ ಹೋಗುತ್ತಾರೆ. ಕೊನೆಗೆ ಕನ್ನಡದ ಕವಿ ಮೈಕಿನ ಮುಂದೆ ಬರುವ ಹೊತ್ತಿಗೆ ಉಳಿದಿರುವುದು ಅವರ ಮನೆಯವರು ಮತ್ತು ಕುರ್ಚಿ ಬಾಡಿಗೆಗೆ ಕೊಟ್ಟವನು. ಬೆಂಗಳೂರಿನ ಹಲಸೂರಿನ ಆಸುಪಾಸಿನಲ್ಲಿ ಇಂಥವನ್ನು ನಾಲ್ಕೈದು ನೋಡಿದ್ದೇನೆ, ಎರಡನ್ನು ನಾನೇ ಮುಂದೆ ನಿಂತು ಕೆಡಿಸಿದ್ದೇನೆ. ಹಾಗಾಗಿ ಹೇಗೆ ಮಾಡಬೇಕು ಅನ್ನುವುದಕ್ಕಿಂತ ಎಲ್ಲಿ ಕೆಡುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮೊದಲು ದಿನ, ಜಾಗ

ಭಾನುವಾರ, ಸಂಜೆ ನಾಲ್ಕರಿಂದ ಆರು. ಬೇರೆ ಹೊತ್ತು ಯೋಚಿಸಲೇ ಬೇಡಿ. ಬೆಳಿಗ್ಗೆ ಚರ್ಚಿಗೆ ಹೋಗುವವರು ಸಿಗುವುದಿಲ್ಲ, ಹೊತ್ತು ಮುಳುಗಿದರೆ ಮಗ್ರಿಬ್ ನಮಾಜು, ಸೋಮೇಶ್ವರ ಗುಡಿಗೆ ಹೋಗುವವರೂ ಆಗಲೇ ಏಳುತ್ತಾರೆ. ರಂಜಾನ್ ತಿಂಗಳ ಸಂಜೆ ಬೇಡ. ಆರ್‌ಸಿಬಿ ಮ್ಯಾಚಿರುವ ದಿನವಂತೂ ಯಾವ ಭಾಷೆಯವರೂ ಬರುವುದಿಲ್ಲ, ಆ ವಿಷಯದಲ್ಲಿ ನಮ್ಮಲ್ಲಿ ಪೂರ್ತಿ ಒಗ್ಗಟ್ಟು.

ಜಾಗ ಒಳಗಡೆಯೇ ಇರಲಿ. ಬೀದಿಯಲ್ಲಿ ಧ್ವನಿವರ್ಧಕ ಇಡುವುದಾದರೆ ಲಿಖಿತ ಅನುಮತಿ ಬೇಕು. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ಹೊತ್ತಿನ ಮಿತಿ 55 ಡೆಸಿಬೆಲ್. ಇಬ್ಬರು ನಿಂತು ಮಾತಾಡಿದರೇ ಅರವತ್ತರ ಹತ್ತಿರ ಹೋಗುತ್ತದೆ, ಇನ್ನು ಕವಿಗಳನ್ನು ಕೇಳಬೇಕೇ? ಶಾಲೆಯ ಸಭಾಂಗಣ ಭಾನುವಾರ ಅಗ್ಗಕ್ಕೆ ಸಿಗುತ್ತದೆ. ಮಕ್ಕಳ ಬೆಂಚಿನಲ್ಲಿ ದೊಡ್ಡವರು ಅರ್ಧ ಗಂಟೆಗಿಂತ ಜಾಸ್ತಿ ಕೂರಲಾರರು, ಕುರ್ಚಿ ತರಿಸಿ. ಬುಕ್ ಮಾಡುವ ಮುಂಚೆ ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯಾ ನೋಡಿಕೊಳ್ಳಿ. ನಾದಸ್ವರ, ಡೋಲಿನ ಮುಂದೆ ಯಾವ ಕವಿಯೂ ನಿಲ್ಲುವುದಿಲ್ಲ.

ಕವಿಗಳನ್ನು ಹುಡುಕುವುದು

ಏಳು ಜನ ಸಾಕು. ಎಂಟನೆಯವರು ಎಷ್ಟೇ ದೊಡ್ಡವರಾಗಿರಲಿ, ಮುಂದಿನ ಸಲ ಕರೆಯಿರಿ.

ವಾಟ್ಸಾಪ್ ಗುಂಪಿನಲ್ಲಿ ಸುಮ್ನೆ ಪ್ರಕಟಣೆ ಹಾಕಿದರೆ ದಿನಾ ಗುಡ್ ಮಾರ್ನಿಂಗ್ ಕಳಿಸುವವರೇ ಬರುತ್ತಾರೆ. ನಡೆದು ಹುಡುಕಿ. ನಮಗೆ ಸಿಕ್ಕ ತಮಿಳು ಕವಿ ಹೂ ಕಟ್ಟುವ ಅಮ್ಮ, ಉರ್ದು ಕವಿ ಟೈಲರ್ ಸಾಹೇಬರು, ತೆಲುಗು ಪದ್ಯ ಹಾಡಿದವರು ನಿವೃತ್ತ ಮೇಷ್ಟ್ರು. ಇನ್ನೊಂದು ಮಾತು, ಹೆಸರು ನೋಡಿ ಭಾಷೆ ಊಹಿಸಬೇಡಿ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ನಿಸಾರ್ ಅಹಮದ್ ಅವರದು ಉರ್ದು. ಟೈಲರ್ ಸಾಹೇಬರನ್ನೂ ಯಾವ ಭಾಷೆಯಲ್ಲಿ ಓದುತ್ತೀರಿ ಅಂತ ಕೇಳಿಯೇ ಬರೆದುಕೊಳ್ಳಿ.

ಅರ್ಥದ ಹಾಳೆ: ಎಲ್ಲರೂ ಎಡವುವುದು ಇಲ್ಲೇ

ಪ್ರತಿ ಕವನದ ಅರ್ಥವನ್ನು ಕನ್ನಡದಲ್ಲಿ ಬರೆದು ಸಭೆಗೆ ಹಂಚುವ ಹಾಳೆ ಇದು. ಇದಕ್ಕೆ ಹದಿನೈದು ದಿನ ಎತ್ತಿಡಿ. ಮಿಕ್ಕಿದ್ದೆಲ್ಲ ಎರಡು ದಿನದ ಕೆಲಸ.

ಕವನ ಬರಹದಲ್ಲಿ ಬಂದರೆ ಸಾಲದು, ಕವಿಯ ದನಿಯಲ್ಲಿ ವಾಯ್ಸ್ ಮೆಸೇಜೂ ತರಿಸಿಕೊಳ್ಳಿ. ಆಮೇಲೆ ಎರಡೂ ಭಾಷೆ ಬಲ್ಲ ಒಬ್ಬ ನೆರೆಯವರನ್ನು ಹಿಡಿದು ಕವಿಯ ಪಕ್ಕದಲ್ಲಿ ಕೂರಿಸಿ. ಫೋನಿನ ಅನುವಾದದ ಆ್ಯಪ್ ಸಾಕಲ್ವಾ ಅಂತ ಕೇಳುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಹೂವಿನ ಅಮ್ಮನ ಪದ್ಯದಲ್ಲಿ ‘ಒರು ಮುಳಂ ಪೂ’ ಅಂತ ಇತ್ತು. ನಮ್ಮ ‘ಮೊಳ’ವೇ ಅದು, ಒಂದು ಮೊಳ ಹೂವು. ಆ್ಯಪ್ ಅದನ್ನು ‘ಒಂದು ಮೊಣಕೈ ಹೂವು’ ಮಾಡಿತ್ತು. ನಾವು ನೋಡದೆ ಅಚ್ಚು ಹಾಕಿಸಿದೆವು. ಸಭೆ ನಕ್ಕಿತು, ಆಯಮ್ಮ ಯಾಕೆ ನಗುತ್ತಿದ್ದಾರೆ ಅಂತ ಗೊತ್ತಾಗದೆ ಓದು ನಿಲ್ಲಿಸಿ ನಿಂತುಬಿಟ್ಟರು. ಅವತ್ತಿನಿಂದ ಆ್ಯಪ್ ಬಂದ್.

ಕವಿಯ ಹತ್ತಿರ ಪ್ರತಿ ಪದದ ಅರ್ಥ ಕೇಳುತ್ತಾ ಕೂರಬೇಡಿ. ಇದನ್ನು ಯಾರಿಗೆ ಹೇಳುತ್ತಿದ್ದೀರಿ, ಯಾವಾಗ, ಕೋಪದಲ್ಲೋ ತಮಾಷೆಗೋ, ಇಷ್ಟು ಕೇಳಿ. ಅದರಿಂದ ಆರೇಳು ಸಾಲಿನ ಗದ್ಯ ಬರೆಯಿರಿ. ಗದ್ಯ ಅಂದೆ, ಪದ್ಯ ಅಲ್ಲ. ಅನುವಾದ ಮಾಡಲು ಬಂದವರು ತಾವೂ ಕವಿಗಳಾಗಿದ್ದರೆ ಪ್ರಾಸ ಕೂರಿಸಲು ಹೊರಡುತ್ತಾರೆ, ಆಗ ಅರ್ಥ ಅಲ್ಲಿಗೇ ಹೋಯಿತು. ಹಾಳೆಗೆ ನಾನು ಕವಿಗಳನ್ನು ಕೂರಿಸುವುದಿಲ್ಲ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ದಿನವಿಡೀ ಮೂರು ಭಾಷೆ ಆಡುವವರೇ ಒಳ್ಳೆಯವರು.

ಎಲ್ಲರಿಗೂ ಗೊತ್ತಿರುವುದಕ್ಕೆ ಅರ್ಥ ಬರೆಯಬೇಡಿ. ದಖನಿ ಉರ್ದುವಿನ ‘ನಕ್ಕೊ’ ಅಂದರೆ ಬೇಡ ಅಂತ ಬೆಂಗಳೂರಿನಲ್ಲಿ ಒಮ್ಮೆ ಆಟೊ ಹತ್ತಿದವರಿಗೆಲ್ಲ ಗೊತ್ತು.

ಈಗ ಗುಟ್ಟಿನ ವಿಷಯ. ಪ್ರತಿ ಕವನದಿಂದ ಒಂದು ಸಾಲನ್ನು ಅನುವಾದ ಮಾಡದೆ, ಮೂಲ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ ಹಾಳೆಯ ಕೊನೆಗೆ ದಪ್ಪಕ್ಷರದಲ್ಲಿ ಹಾಕಿ. ನಾವು ಅದನ್ನು ಕಾಯುವ ಸಾಲು ಅನ್ನುತ್ತೇವೆ. ಕೇಳುವವರಿಗೆ ಅರ್ಥ ಗೊತ್ತಿರುತ್ತದೆ, ಈ ಸಾಲು ಯಾವಾಗ ಬರುತ್ತದೋ ಅಂತ ಕಿವಿ ಕೊಟ್ಟು ಕೂರುತ್ತಾರೆ, ಬಂದಾಗ ಮುಖ ಅರಳುತ್ತದೆ. ಭಾಷೆ ಬರದವರೂ ಆ ಸಾಲಿಗೆ ಕವಿಯ ಜೊತೆ ತುಟಿ ಆಡಿಸುತ್ತಾರೆ.

ಹಾಳೆ ಹಂಚಿದರೂ ಅರ್ಥವನ್ನು ಬಾಯಲ್ಲಿ ಹೇಳಲೇಬೇಕು. ಇಲ್ಲಿ ಕನ್ನಡ ಚೆನ್ನಾಗಿ ಆಡುವ, ಆದರೆ ಓದಲು ಬಾರದವರು ತುಂಬಾ ಜನ. ಕವನಕ್ಕೆ ಮೊದಲು, ಒಂದೇ ನಿಮಿಷ. ಕವನ ಆದಮೇಲೆ ಅರ್ಥ ಹೇಳುವುದು ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ. ಸಾಲಿಗೊಮ್ಮೆ ತಡೆದು ಹೇಳುವುದು ಇನ್ನೂ ಕೆಟ್ಟದ್ದು. ಕನ್ನಡ ಕವನಕ್ಕೂ ತಮಿಳಲ್ಲಿ, ಹಿಂದೂಸ್ತಾನಿಯಲ್ಲಿ ನಾಲ್ಕು ಮಾತು ಹೇಳಿಸಿ. ಕನ್ನಡ ಎಲ್ಲರಿಗೂ ಬರುತ್ತೆ ಬಿಡಿ ಅಂತ ಇದನ್ನು ಹಾರಿಸುತ್ತಾರೆ. ಬಸ್ಸಿಗೆ, ತರಕಾರಿಗೆ ಬೇಕಾದಷ್ಟು ಕನ್ನಡ ಬರುತ್ತದೆ, ಕವನದ ಕನ್ನಡ ನಮಗೇ ಎಷ್ಟೋ ಸಲ ತಿಳಿಯುವುದಿಲ್ಲ.

ಅಚ್ಚಿನ ಅಂಗಡಿಯಲ್ಲಿ

ಹಾಳೆಯನ್ನು ಪಿಡಿಎಫ್ ಮಾಡಿಯೇ ಕೊಡಿ. ವರ್ಡ್ ಫೈಲ್ ಕೊಟ್ಟರೆ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ. ಹಳೇ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಮೂಲ ಕವನವನ್ನೂ ಅದರದೇ ಲಿಪಿಯಲ್ಲಿ ಹಾಕಿಸುವುದಾದರೆ ಉರ್ದುವಿನ ಕಥೆ ಇನ್ನೂ ದುಃಖದ್ದು. ಕೂಡಿಕೊಂಡಿರಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ, ಬಲದಿಂದ ಬರಬೇಕಾದ್ದು ಎಡದಿಂದ ಬಂದುಬಿಡುತ್ತವೆ. ನೋಡುವ ನಮಗೆ ತಪ್ಪು ಗೊತ್ತಾಗುವುದಿಲ್ಲ, ಬರೆದವರಿಗೆ ಕಣ್ಣಲ್ಲಿ ನೀರು ಬರುತ್ತದೆ. ಪುಕ್ಕಟೆ ಸಿಗುವ ನೋಟೊ ನಸ್ತಾಲೀಕ್ ಫಾಂಟ್ ಬಳಸಿ, ಒಂದು ಪ್ರತಿ ತೆಗೆಸಿ, ಉರ್ದು ಓದುವವರಿಗೆ ತೋರಿಸಿ, ಆಮೇಲೆ ನೂರು.

ಫ್ಲೆಕ್ಸ್ ಬೇಡ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ಫ್ಲೆಕ್ಸ್‌ಗಳನ್ನು ರಾಶಿ ರಾಶಿ ಕಿತ್ತಿದ್ದು ನೆನಪಿದೆಯಲ್ಲ? ಬಟ್ಟೆ ಬ್ಯಾನರ್ ಬರೆಸಿ, ದಿನಾಂಕ ಹಾಕಬೇಡಿ, ಮುಂದಿನ ವರ್ಷಕ್ಕೂ ಆಗುತ್ತದೆ.

ಯಾರು ಮೊದಲು, ಎಷ್ಟು ಹೊತ್ತು

ಚೀಟಿ ಎತ್ತಿ. ಎಲ್ಲರ ಎದುರಿಗೆ, ಒಂದು ಮಗುವಿನ ಕೈಯಲ್ಲಿ. ಹಿರಿತನ, ಭಾಷೆ, ಪ್ರಶಸ್ತಿ ಅಂತ ಕ್ರಮ ಹಚ್ಚಲು ಹೋದರೆ ಮುನಿಸು ಗ್ಯಾರಂಟಿ. ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ ಪ್ರತಿಮೆಯನ್ನೇ ನೋಡಿ. 1991ರಲ್ಲಿ ತಂದು ನಿಲ್ಲಿಸಿದ್ದು, ಭಾಷೆಯ ಜಗಳದಲ್ಲಿ ಮುಸುಕು ಹೊದ್ದುಕೊಂಡೇ ಇತ್ತು. ತೆರೆ ಸರಿದದ್ದು 2009ರ ಆಗಸ್ಟ್ 9ಕ್ಕೆ, ಅದೇ ತಿಂಗಳು 13ಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣವಾದ ಮೇಲೆ ಲೆಕ್ಕ ಸರಿಹೋಯಿತು. ಒಬ್ಬರದು ಎರಡು ಸಾಲಿನ ಪದ್ಯ, ಇನ್ನೊಬ್ಬರದು ಮೂರು ಸಾಲಿನದು, ಕಾದದ್ದು 18 ವರ್ಷ. ನಿಮ್ಮ ಹತ್ತಿರ ಇರುವುದು ಎರಡು ಗಂಟೆ.

ಎಲ್ಲರಿಗೂ ಐದೈದು ನಿಮಿಷ ಅನ್ನುವ ಸಮಾನತೆಯೂ ಕೆಲಸಕ್ಕೆ ಬರುವುದಿಲ್ಲ. ಕನ್ನಡದ ಕವಿ ಐದು ನಿಮಿಷದಲ್ಲಿ ಎರಡು ಕವನ ಓದಿ ಕೂತುಬಿಡುತ್ತಾರೆ. ಗಜಲ್ ಓದುವವರು ಶೇರಿನ, ಅಂದರೆ ಅದರ ಎರಡು ಸಾಲಿನ ಪದ್ಯದ, ಮೊದಲ ಸಾಲನ್ನು ಎರಡು ಸಲ ಹೇಳುತ್ತಾರೆ, ಸಭೆ ‘ಮುಕರರ್’ ಅಂದರೆ ಮತ್ತೆ ಹೇಳಬೇಕು, ಅದೇ ಅದರ ಮಜಾ. ತೆಲುಗು ಪದ್ಯಕ್ಕೆ ರಾಗ ಬೇರೆ. ನಿಮಿಷ ಬಿಡಿ, ಎಣಿಕೆ ಹೇಳಿ: ಗಜಲ್ ಆದರೆ ಐದು ಶೇರು, ಕವನ ಆದರೆ ಎರಡು, ರಾಗದ ಪದ್ಯ ಮೂರು.

ಶುರುವಿನಲ್ಲಿ ಎರಡು ನಿಮಿಷ ಸಭೆಗೇ ಪಾಠ ಮಾಡಿ. ಕನ್ನಡದ ಸಭೆ ಕೈಕಟ್ಟಿ ಕೇಳಿ ಕೊನೆಗೊಮ್ಮೆ ಚಪ್ಪಾಳೆ ಹೊಡೆಯುತ್ತದೆ. ಆ ಮೌನ ಕಂಡು ಉರ್ದು ಕವಿ ತನ್ನ ಶೇರು ಬಿದ್ದೇ ಹೋಯಿತು ಅಂದುಕೊಳ್ಳುತ್ತಾರೆ. ‘ವಾಹ್’ ಯಾವಾಗ, ‘ಇರ್ಶಾದ್’ (ಹೇಳಿ, ಕೇಳುತ್ತೇವೆ) ಯಾವಾಗ ಅಂತ ಟೈಲರ್ ಸಾಹೇಬರೇ ಹೇಳಿಕೊಟ್ಟರು. ಸಂಕೋಚ ಬಿಟ್ಟ ಹೂವಿನ ಅಮ್ಮ ಆಮೇಲೆ ಕನ್ನಡದ ಕವಿಗೂ ‘ಮುಕರರ್’ ಅಂದರು. ಕವಿ ಕಕ್ಕಾಬಿಕ್ಕಿ.

ಹೊತ್ತಿಗೆ ಸರಿಯಾಗಿ ಶುರುಮಾಡಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ತಡವಾಗಿ ಬಂದವರನ್ನು ಬಿಡುವುದಿಲ್ಲ, ಊರೇ ಅದಕ್ಕೆ ಒಗ್ಗಿಕೊಂಡಿಲ್ಲವೇ?

ಮೈಕು, ಶಾಲು, ಟೀ

ಕರೋಕೆಗೆ ಅಂತ ಮಾರುವ ಬಣ್ಣದ ದೀಪದ ಬ್ಲೂಟೂತ್ ಡಬ್ಬಿ ತರಬೇಡಿ. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ವೈರಿನ ಮೈಕು, ಒಂದು ಸ್ಟ್ಯಾಂಡು ಬಾಡಿಗೆಗೆ ತನ್ನಿ. ಕಾರ್ಡ್‌ಲೆಸ್‌ನ ಸೆಲ್ಲು ಸಾಯುವುದು ಯಾವಾಗಲೂ ಮೂರನೇ ಕವಿಗೇ.

ಶಾಲು, ಹಾರ, ಹಣ್ಣಿನ ಬುಟ್ಟಿ, ಮೆಮೆಂಟೊ ಯಾವುದೂ ಬೇಡ. ವೇದಿಕೆಯ ಮೇಲೆ ಹನ್ನೆರಡು ಗಣ್ಯರು ಕೂತರೆ ಸನ್ಮಾನಕ್ಕೇ ಮುಕ್ಕಾಲು ಗಂಟೆ. ವೇದಿಕೆಯೇ ಬೇಡ ಅನ್ನುತ್ತೇನೆ ನಾನು. ಕವಿಗಳು ಸಭೆಯ ನಡುವೆ ಕೂತು ಸರದಿ ಬಂದಾಗ ಎದ್ದು ಬರಲಿ. ಆ ದುಡ್ಡನ್ನು ಲಕೋಟೆಯಲ್ಲಿ ಹಾಕಿ ಕವಿಗಳಿಗೆ ಕೊಡಿ. ಹೂವಿನ ಅಮ್ಮ ಭಾನುವಾರದ ಸಂಜೆ ವ್ಯಾಪಾರ ಬಿಟ್ಟು ಬಂದಿದ್ದರು.

ಟೀ, ಸಮೋಸ ಕೊನೆಗೆ. ಮಧ್ಯದಲ್ಲಿ ಕೊಟ್ಟರೆ ತಿಂದವರು ಹಾಗೇ ಮನೆಗೆ ಹೋಗುತ್ತಾರೆ. ಕುರ್ಚಿಯವನ ಬಾಕಿಯನ್ನು ಅವತ್ತೇ ಚುಕ್ತಾ ಮಾಡಿ. ನಮ್ಮವನು ಹೋದ ಸಲ ಲೆಕ್ಕಕ್ಕೆ ಬಂದವನು ಜೇಬಿನಿಂದ ಒಂದು ಚೀಟಿ ತೆಗೆದ. ಬಾಡಿಗೆ ಬಿಲ್ಲು ಅಂದುಕೊಂಡೆ. ಮರಾಠಿಯಲ್ಲಿ ನಾಲ್ಕು ಸಾಲು ಇತ್ತು.