ಕಬ್ಬಿಣದ ಕಾವಲಿ: ಆರಿಸುವುದು, ಪಳಗಿಸುವುದು, ತುಕ್ಕಿನಿಂದ ಕಾಯುವುದು

ದಿನಾ ದೋಸೆ ಎರೆಯುವ ಮನೆಯಲ್ಲಿ ಈಗಿನ ನಾನ್‌ಸ್ಟಿಕ್ ತವಾ ಒಂದೆರಡು ವರ್ಷ ಬಂದರೆ ಜಾಸ್ತಿ. ಮೊದಲು ನಡುಭಾಗದ ಹೊಳಪು ಹೋಗುತ್ತದೆ. ಆಮೇಲೆ ಕರಿ ಪದರ ಚೂರು ಚೂರಾಗಿ ಏಳುತ್ತದೆ. ಅಲ್ಯೂಮಿನಿಯಂ ತೆಳುವಾಗಿದ್ದರೆ ತಳವೂ ಉಬ್ಬಿ, ಒಲೆಯ ಮೇಲೆ ಇಟ್ಟ ಕೂಡಲೇ ಗಿರಗಿರ ತಿರುಗುತ್ತದೆ. ಹೋದ ಪದರವನ್ನು ಮನೆಯಲ್ಲಿ ಮತ್ತೆ ಹಚ್ಚಲು ಬರುವುದಿಲ್ಲ. ಹಾಗಾಗಿ ಮತ್ತೊಂದು ತವಾ ತರಲೇಬೇಕು. ಶಿರಸಿ, ಸಿದ್ದಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಮಾತ್ರ ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯಲ್ಲೇ ಇವತ್ತಿಗೂ ತೆಳ್ಳೇವು, ಅಂದರೆ ತೀರಾ ತೆಳ್ಳಗಿನ ದೋಸೆ, ಏಳುತ್ತದೆ.

ಇದನ್ನು ನೋಡಿ ಜನ ಕಬ್ಬಿಣಕ್ಕೆ ವಾಪಸ್ ಬರುತ್ತಿದ್ದಾರೆ, ಒಳ್ಳೆಯದೇ. ಆದರೆ ತಂದ ಕಾವಲಿ ತಿಂಗಳೊಳಗೆ ಅಟ್ಟ ಸೇರುವುದನ್ನೂ ನೋಡುತ್ತಿದ್ದೇನೆ. ಘಟ್ಟದ ಮೇಲಿನವರು ‘ದೋಸೆ ಏಳೋದೇ ಇಲ್ಲ’ ಅನ್ನುತ್ತಾರೆ. ಕಾರವಾರ, ಅಂಕೋಲಾ, ಕುಮಟಾದವರು ‘ತುಕ್ಕು ಹಿಡಿದುಹೋಯ್ತು’ ಅನ್ನುತ್ತಾರೆ. ತಪ್ಪು ಕಾವಲಿಯದ್ದಲ್ಲ. ಅಂಗಡಿಯಿಂದ ಬರುವ ಕಾವಲಿ ಅರ್ಧ ಆದ ವಸ್ತು. ಎಣ್ಣೆ ಹಚ್ಚಿ ಕಾಯಿಸಿ ಪಳಗಿಸುವ ಉಳಿದರ್ಧ ನಮ್ಮ ಕೆಲಸ.

ಅಂಗಡಿಯಲ್ಲಿ

ಬೀಡು ಕಬ್ಬಿಣದ್ದನ್ನೇ ತನ್ನಿ. ತಗಡಿನ ಕಾವಲಿ ಹಗುರ, ಬೇಗ ಕಾಯುತ್ತದೆ, ಆದರೆ ಗ್ಯಾಸಿನ ಜೋರು ಉರಿಗೆ ಬೇಗ ಸೊಟ್ಟಗಾಗುತ್ತದೆ. ಬೀಡು ಎರಕ ಹೊಯ್ದು ಮಾಡಿದ್ದು. ಹಿಂಬದಿ ಮುಟ್ಟಿದರೆ ಮರಳಿನ ತರಿ ಕೈಗೆ ಸಿಗುತ್ತದೆ, ತೂಕ ಕೈಗೆ ಗೊತ್ತಾಗುತ್ತದೆ. ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಕರಿ ಬಣ್ಣ ಬಳಿದ ಅಲ್ಯೂಮಿನಿಯಂ ಆಗಿದ್ದರೆ ಅದು ಅಂಟುವುದಿಲ್ಲ. ಸಮತಟ್ಟು ನೆಲದ ಮೇಲಿಟ್ಟು ಅಂಚು ಒತ್ತಿ, ಅಲುಗಿದರೆ ಬಿಡಿ. ಚಮಚದಿಂದ ಮೆಲ್ಲಗೆ ಬಡಿದು ಕೇಳಿ. ಗಟ್ಟಿ ಕಾವಲಿ ಕಣ್ ಎಂದು ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಬದ್ ಎನ್ನುತ್ತದೆ.

‘ಪಳಗಿಸಿಯೇ ಬಂದಿದೆ’ ಎಂದು ಮಾರುವ ಕಾವಲಿಗಳಲ್ಲಿ ಒಳ್ಳೆಯವೂ ಇವೆ, ಬರೀ ಕರಿ ಬಣ್ಣ ಹೊಡೆದವೂ ಇವೆ. ಎಲ್ಲ ಕಡೆ ಒಂದೇ ಸಮನೆ ಪಳಪಳ ಹೊಳೆಯುತ್ತಿದ್ದರೆ ನನಗೆ ಅನುಮಾನ. ಮನೆಗೆ ತಂದು ಕಾಯಿಸಿದಾಗ ಪೇಂಟಿನ ವಾಸನೆ ಬಂದರಂತೂ ಅಡಿಗೆಗೆ ಬಳಸಬೇಡಿ. ಸುಮ್ನೆ ಬೂದು ಬಣ್ಣದ ಹಸಿ ಕಾವಲಿಯನ್ನೇ ಕೇಳಿ ತನ್ನಿ. ಎರಡು ವರ್ಷಕ್ಕೊಮ್ಮೆ ಆಗುವ ಶಿರಸಿ ಮಾರಿಕಾಂಬಾ ಜಾತ್ರೆ ಪಾತ್ರೆ ಸಾಮಾನು ನೋಡಿ ಆರಿಸಲು ಒಳ್ಳೆಯ ಜಾಗ. ನಂಟರ ಅಟ್ಟದಲ್ಲಿ ಹಳೆಯದು ಬಿದ್ದಿದ್ದರೆ ಇನ್ನೂ ಒಳ್ಳೆಯದು. ಹಳೆ ಕಾವಲಿಯ ಮೈ ಬಳಸಿ ಬಳಸಿ ನುಣುಪಾಗಿರುತ್ತದೆ. ತುಕ್ಕಿದ್ದರೆ ಚಿಂತೆಯಿಲ್ಲ, ಬಿರುಕು ಇರಬಾರದು.

ತೊಳೆಯುವುದು

ತುಕ್ಕು ಬರದಿರಲೆಂದು ಕಾರ್ಖಾನೆಯಲ್ಲಿ ಎಣ್ಣೆಯೋ ಮೇಣವೋ ಹಚ್ಚಿರುತ್ತಾರೆ. ಬಿಸಿನೀರು, ಸಾಬೂನು, ತೆಂಗಿನ ನಾರು ಹಾಕಿ ಒಮ್ಮೆ ಚೆನ್ನಾಗಿ ತಿಕ್ಕಿ, ಒಲೆಯ ಮೇಲಿಟ್ಟು ಒಣಗಿಸಿ. ಗಂಜಿ ನೀರಿನಲ್ಲಿ ಮೂರು ದಿನ ನೆನೆಹಾಕಿ ಎನ್ನುವವರ ಮಾತು ಕೇಳಬೇಡಿ. ಹುಳಿ ಬಂದ ಗಂಜಿ ಕಬ್ಬಿಣವನ್ನು ತಿನ್ನುತ್ತದೆ, ತೆಗೆದ ಮೇಲೆ ತುಕ್ಕು ಏಳುತ್ತದೆ.

ಪಳಗಿಸುವುದು

ಎಲ್ಲರೂ ಎಡವುವುದು ಇಲ್ಲೇ. ಎಣ್ಣೆಯನ್ನು ತೀರಾ ತೆಳ್ಳಗೆ ಹಚ್ಚಿ ಚೆನ್ನಾಗಿ ಕಾಯಿಸಿದರೆ ಅದರ ಕಣಗಳು ಗಾಳಿಯ ಜೊತೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಹಳೆ ಕಾವಲಿಯ ಆ ಕರಿ ಹೊಳಪು ಇದೇ. ದಪ್ಪಗೆ ಹಚ್ಚಿದರೆ ಎಣ್ಣೆ ಪದರವಾಗುವುದಿಲ್ಲ, ಹಲಸಿನ ಮೇಣದ ಹಾಗೆ ಜಿಗುಟಾಗಿ ಕೂರುತ್ತದೆ.

ಎಣ್ಣೆ ಯಾವುದು? ತೆಂಗಿನೆಣ್ಣೆ ಬೇಡ. ನಮ್ಮೂರಿನವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಆದರೂ ಬೇಡ. ಅದರ ಸುಮಾರು ಶೇಕಡಾ 90ರಷ್ಟು ಭಾಗ ಸ್ಯಾಚುರೇಟೆಡ್ ಕೊಬ್ಬು. ಅದು ಕಾಯುತ್ತದೆ, ಹೊಗೆಯಾಡುತ್ತದೆ, ಆದರೆ ಗಟ್ಟಿ ಪದರ ಸುಲಭಕ್ಕೆ ಕಟ್ಟುವುದಿಲ್ಲ. ಅಜ್ಜಿ ತೆಂಗಿನೆಣ್ಣೆಯಲ್ಲೇ ಪಳಗಿಸಿದ್ದರು ಅನ್ನುತ್ತೀರಾ? ಅವರ ಕಾವಲಿ ಕಟ್ಟಿಗೆ ಒಲೆಯ ಮೇಲೆ ದಿನಾ ಬೆಂದು ವರ್ಷಗಟ್ಟಲೆ ನಿಧಾನಕ್ಕೆ ಪಳಗಿದ್ದು. ನಮಗೆ ಒಂದೇ ದಿನದಲ್ಲಿ ಆಗಬೇಕು. ಸೂರ್ಯಕಾಂತಿ ಎಣ್ಣೆ ತಗೊಳ್ಳಿ. ಅಗಸೆ ಎಣ್ಣೆಯನ್ನು ಕೆಲವರು ಹೊಗಳುತ್ತಾರೆ. ಅದರ ಪದರ ಬೇಗ ಕಟ್ಟುತ್ತದೆ, ಆದರೆ ಸಿಪ್ಪೆ ಸಿಪ್ಪೆಯಾಗಿ ಏಳುವ ಚಾಳಿಯೂ ಇದೆ.

ಕಾವಲಿಯನ್ನು ಸಣ್ಣ ಉರಿಯಲ್ಲಿ ನೀರಿನ ಹನಿ ಕುಣಿಯುವಷ್ಟು ಕಾಯಿಸಿ. ಉರಿ ಆರಿಸಿ. ಅರ್ಧ ಚಮಚ ಎಣ್ಣೆ ಸಾಕು. ಹಳೆ ಪಂಚೆಯ ತುಂಡನ್ನು ಇಕ್ಕಳದಲ್ಲಿ ಹಿಡಿದು ಎದುರು, ಹಿಂಬದಿ, ಅಂಚು, ಹಿಡಿ ಎಲ್ಲ ಕಡೆ ಸವರಿ. ಆಮೇಲೆ ಬೇರೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಇಲ್ಲಿ ಕೈ ಹಿಂಜರಿಯಬಾರದು. ಎಣ್ಣೆಯೆಲ್ಲ ಹೋಯ್ತಲ್ಲ ಅನ್ನಿಸಬೇಕು. ಬಿಳಿ ಕಾಗದ ಒತ್ತಿ ತೆಗೆದರೆ ಎಣ್ಣೆಕಲೆ ಬೀಳಬಾರದು. ಬಿದ್ದರೆ ಮತ್ತೆ ಒರೆಸಿ.

ಈಗ ಕಿಟಕಿ ತೆಗೆದು ಮಧ್ಯಮ ಉರಿ ಹಚ್ಚಿ. ಹೊಗೆ ಏಳುತ್ತದೆ, ಏಳಲಿ. ಹೊಗೆ ಪೂರ್ತಿ ನಿಲ್ಲುವವರೆಗೆ ಬಿಡಿ. ಹೊಗೆ ಕಂಡ ಕೂಡಲೇ ಹೆದರಿ ಗ್ಯಾಸ್ ಆರಿಸುವವರ ಕಾವಲಿ ಯಾವತ್ತೂ ಪಳಗುವುದಿಲ್ಲ. ಗ್ಯಾಸಿನ ಉರಿ ನಡುಭಾಗಕ್ಕೆ ಮಾತ್ರ ಬಡಿಯುತ್ತದೆ. ಅದಕ್ಕೇ ಕಾವಲಿಯನ್ನು ಎರಡು ನಿಮಿಷಕ್ಕೊಮ್ಮೆ ಸ್ವಲ್ಪ ಸರಿಸಿ, ಒಂದೊಂದೇ ಅಂಚು ಉರಿಗೆ ಬರುವಂತೆ ಮಾಡಿ. ಅಂಚು ಹಸಿಯಾಗಿ ಉಳಿದರೆ ತುಕ್ಕು ಅಲ್ಲಿಂದಲೇ ಶುರು. ತಾನಾಗಿ ತಣಿಯಲು ಬಿಡಿ. ಬಿಸಿ ಕಾವಲಿಗೆ ತಣ್ಣೀರು ಹೊಯ್ದರೆ ಬೀಡು ಬಿರಿಯುತ್ತದೆ.

ಮೊದಲ ಸಲಕ್ಕೆ ಬೂದು ಬಣ್ಣ ಕಂದಾಗುತ್ತದೆ, ಅಷ್ಟೇ. ಇದನ್ನೇ ನಾಲ್ಕೈದು ಸಲ ಮಾಡಿ. ಪ್ರತಿ ಸಲವೂ ಅದೇ ಅರ್ಧ ಚಮಚ, ಅದೇ ಒರೆಸುವುದು. ಬಣ್ಣ ಕಪ್ಪಿಗೆ ತಿರುಗಿ, ತಣಿದ ಮೇಲೆ ಮುಟ್ಟಿದರೆ ಒಣಗಿದಂತೆ ಇರಬೇಕು. ಬೆರಳಿಗೆ ಅಂಟಿದರೆ ಎಣ್ಣೆ ಜಾಸ್ತಿಯಾಗಿದೆ ಎಂದರ್ಥ. ಮೇಲೆ ಇನ್ನಷ್ಟು ಎಣ್ಣೆ ಹಾಕಬೇಡಿ. ಹಾಗೇ ಮತ್ತೊಮ್ಮೆ ಚೆನ್ನಾಗಿ ಕಾಯಿಸಿ ನೋಡಿ. ಆಗಲೂ ಅಂಟಿದರೆ ಕಲ್ಲುಪ್ಪು ಹಾಕಿ ತಿಕ್ಕಿ ತೆಗೆದು, ಮೊದಲಿನಿಂದ ಶುರು ಮಾಡಿ.

ಒಂದು ಎಚ್ಚರಿಕೆ. ಮನೆಯಲ್ಲಿ ನಾನ್‌ಸ್ಟಿಕ್ ಉಳಿದಿದ್ದರೆ ಅದನ್ನು ಹೀಗೆ ಖಾಲಿ ಕಾಯಿಸಬೇಡಿ. ಅದರ ಪದರ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ. ಜೋರು ಉರಿಯ ಮೇಲೆ ಖಾಲಿ ತವಾ ಕೆಲವೇ ನಿಮಿಷಕ್ಕೆ ಅಲ್ಲಿಗೆ ಮುಟ್ಟುತ್ತದೆ.

ಮೊದಲ ವಾರ

ದೋಸೆ ಬೇಡ. ಈರುಳ್ಳಿ ಹುರಿಯಿರಿ, ಎಣ್ಣೆ ಹಾಕಿ ಚಪಾತಿ ಬೇಯಿಸಿ. ಆಮೇಲೆ ದಪ್ಪ ದೋಸೆ ಎರೆಯಿರಿ. ತೆಳ್ಳೇವು ಕೊನೆಗೆ, ಅಷ್ಟು ತೆಳ್ಳಗಿನದ್ದು ಎಬ್ಬಿಸಲು ಕಾವಲಿ ಪೂರ್ತಿ ಪಳಗಿರಬೇಕು. ಎರೆಯುವ ಮುಂಚೆ ಅರ್ಧ ಈರುಳ್ಳಿಯನ್ನೋ ಬದನೆಕಾಯಿ ತೊಟ್ಟನ್ನೋ ಎಣ್ಣೆಯಲ್ಲಿ ಅದ್ದಿ ಒರೆಸಿ. ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದು ಬಂದರೆ ಕಾವು ಜಾಸ್ತಿ, ನೀರು ಚಿಮುಕಿಸಿ. ದೋಸೆ ಬೆಳ್ಳಗೇ ಉಳಿದು ಕಚ್ಚಿಕೊಂಡರೆ ಕಾವು ಸಾಲದು.

ಬಂಗಡೆ ಹುರಿಯಲು ಬೇರೆ ಕಾವಲಿ ಇಟ್ಟುಕೊಳ್ಳಿ. ವಾಸನೆಯ ಮಾತು ಬಿಡಿ, ಮಸಾಲೆಯ ಹುಣಸೆಹುಳಿಯೂ ಮುರುಗಲು ಹುಳಿಯೂ ಕಷ್ಟಪಟ್ಟು ಕಟ್ಟಿದ ಪದರವನ್ನು ಎಬ್ಬಿಸುತ್ತವೆ.

ತುಕ್ಕು

ಕಡಲ ಗಾಳಿಯ ಉಪ್ಪು ತೇವ ಎಳೆದುಕೊಳ್ಳುತ್ತದೆ, ತುಕ್ಕನ್ನು ಬೇಗ ಮಾಡುತ್ತದೆ. ಕಾರವಾರದಲ್ಲಿ ಕಾವಲಿಯನ್ನು ಬಟ್ಟೆಯಲ್ಲಿ ಒರೆಸಿಟ್ಟರೆ ಸಾಲದು. ಬಿಸಿನೀರಿನಲ್ಲಿ ತೆಂಗಿನ ನಾರು ಹಾಕಿ ತೊಳೆದ ಕೂಡಲೇ ಎರಡು ನಿಮಿಷ ಒಲೆಯ ಮೇಲಿಡಿ, ಮೇಲೆ ಒಂದು ಹನಿ ಎಣ್ಣೆ ಸವರಿ. ಇಲ್ಲಿ ತೆಂಗಿನೆಣ್ಣೆ ನಡೆಯುತ್ತದೆ. ಪೇಟೆಯಲ್ಲಿ ಸಿಗುವ ಅಗ್ಗದ ತಂತಿ ಸ್ಕ್ರಬರ್ ಬೇಡವೇ ಬೇಡ. ಅದರ ಎಳೆ ನಾಲ್ಕು ದಿನಕ್ಕೆ ಕಳಚಿ ದೋಸೆಯಲ್ಲಿ ಸಿಗುತ್ತದೆ. ಹಿತ್ತಿಲಲ್ಲಿ ತೆಂಗಿನ ಸಿಪ್ಪೆ ಬಿದ್ದಿರುವಾಗ ದುಡ್ಡು ಕೊಟ್ಟು ಅದನ್ನು ಯಾಕೆ ತರಬೇಕು?

ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಕಾಯಿಸಿ ಎಣ್ಣೆ ಒರೆಸಿ. ಜಾಗ ಒಲೆಯ ಮೇಲಿನ ಗೋಡೆಯ ಮೊಳೆ, ಸಿಂಕಿನ ಕೆಳಗಿನ ಕಪಾಟಲ್ಲ. ತುಕ್ಕು ಕಂಡರೆ ಹುಳಿ ಮಜ್ಜಿಗೆಯನ್ನೋ ಹುಣಸೆ ನೀರನ್ನೋ ಅರ್ಧ ಗಂಟೆ ಸವರಿಟ್ಟು ತಿಕ್ಕಿ. ರಾತ್ರಿಯಿಡೀ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದು ಒಣಗಿಸಿ, ಎರಡು ಸಲ ಪಳಗಿಸಿದರೆ ಮತ್ತೆ ದೋಸೆಗೆ ತಯಾರು.

ಇನ್ನೊಂದು ಮಾತು. ಮನೆಗೆ ಬಂದ ನಂಟರು ಸಹಾಯ ಮಾಡಲು ಹೋಗಿ ಕಾವಲಿಯನ್ನು ಉಳಿದ ಪಾತ್ರೆಗಳ ಜೊತೆ ನೀರಿನಲ್ಲಿ ನೆನೆಹಾಕಿಬಿಡುತ್ತಾರೆ. ಮೊದಲೇ ಹೇಳಿಡಿ.